ಕೈ ಖಾಲಿ ಮಾಡೋ ಕಾರ್ಡು

ಸುಮತ್ತೆ (ಹಲವು ಬಾರಿ ಫಾರ್ವರ್ಡ್ ಆಗಿದ್ದು): ಪ್ರಪಂಚದ ಅತಿ ದಡ್ಡ ಕಾರ್ಡ್ ನೋಡಿ!! ದುಡ್ಡು ಕೊಟ್ಟು ಕೊಳ್ಳಿ, ಕೈಯಲ್ಲಿರುವುದನ್ನೆಲ್ಲ ಬಿಸಾಡಿ. ನಿಮ್ಮ ಮಕ್ಕಳು ಇಂಥ ಆಟಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಿದ್ದಾರೆ. ಎಲ್ಲ ತಂದೆತಾಯಿಗಳಿಗೂ ತಲುಪಿಸಿ 🙏🙏

ಸುಮತ್ತೆ: ನಮ್ ಚೇತು ಆಡೋದು ಇದೇ ಅಲ್ವಾ?

ದೊಡ್ಡಪ್ಪ: ಇಸ್ಪೀಟು ಯಾವ ವೇಸ ಆಕ್ಕೊಂಡ್ ಬಂದ್ರೂ ಇಸ್ಪೀಟೇಯ. ಓದೋ ಹುಡುಗ್ರು ಎಲೆ ಇಡ್ಕಂಡ್ ಕೂತ್ರೆ ಉದ್ಧಾರ ಆದಂಗೆ.

ರಘು ಭಾವ: ಇದರ ಮೂಲ ಯಾವುದು? ಬರೆದೋರು ಯಾರು? ಹೋದ್ ಸಲ ಕನ್ನಂಬಾಡಿ ಗೇಟು ಮುರೀತು ಅಂತ ಹಾಕಿದ್ರಿ ಅತ್ತೆ. ಸಂಜೆ ಹೊತ್ತಿಗೆ ಸುಳ್ಳು ಅಂತ ಗೊತ್ತಾಯ್ತು.

ಸುಮತ್ತೆ: ಬಂದಿದ್ದನ್ನ ಕಳಿಸ್ದೆ ಅಷ್ಟೇ. ಜಾಗ್ರತೆ ಅನ್ನೋದೂ ತಪ್ಪಾ ರಘು?

ಚೇತು (ನಾನು): ಅತ್ತೆ, ಕಾರ್ಡು ನಿಜವಾದದ್ದೇ. ಹೆಸರು ‘ಒನ್ ವಿತ್ ನಥಿಂಗ್’. ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟದ್ದು, 2005ರಲ್ಲಿ ಬಂದಿದ್ದು. ಕೈಲಿರೋ ಕಾರ್ಡನ್ನೆಲ್ಲ ಬಿಸಾಡು ಅಂತಲೇ ಅದರ ಮೇಲಿದೆ. ದುರ್ಬಲ ಅಂದ್ರೆ ಒಪ್ತೀನಿ. ದಡ್ಡ ಅಂದ್ರೆ ಒಪ್ಪಲ್ಲ.

ದೊಡ್ಡಪ್ಪ: ನೋಡ್ದಾ ಸುಮಾ, ಅವನೇ ಒಪ್ಕೊಂಡ.

ನಾನು ಬರೆದ ಕೊನೆಯ ಸಾಲನ್ನು ಯಾರೂ ಓದಲಿಲ್ಲ. ಫಾರ್ವರ್ಡಿನಲ್ಲಿದ್ದ ಕಾರ್ಡಿನ ಚಿತ್ರವನ್ನೂ ಯಾರೂ ಸರಿಯಾಗಿ ನೋಡಿರಲಿಲ್ಲ. ಕಾರ್ಡಿನ ನಡುವಿನ ಸಾಲಲ್ಲಿ ‘ಇನ್‌ಸ್ಟಂಟ್’ ಎಂದಿದೆ. ಅಂದರೆ ನಮ್ಮ ಸರದಿಗೆ ಕಾಯಬೇಕಿಲ್ಲ, ಎದುರಾಳಿಯ ಏಟು ಬೀಳುವ ಮುಂಚೆ ನಡುವೆ ನುಗ್ಗಿ ಆಡಬಹುದು. ಈ ಕಾರ್ಡಿಗೆ ಇರುವ ಒಂದೇ ಬಲ ಅದು. ಅದನ್ನು ಬಿಟ್ಟು ಬೆಲೆ ಕಟ್ಟಿದರೆ ಅನ್ಯಾಯ.

ಮಂಜಣ್ಣ: ಎಲೆ ಅಂದ್ರೆ ಅಜ್ಜಿ ಮನೆ ಜಗಲಿ ನೆಪ್ಪಾಯ್ತದೆ ಕಣ್ರಪ್ಪೋ. ಬ್ಯಾಸ್ಗೆ ರಜಕ್ಕೆ ಎಲ್ಲಾ ಸೇರ್ಕಂಡು ಕತ್ತೆ ಆಡ್ತಿದ್ದೋ. ಆಲೆಮನೆಯಿಂದ ಬಿಸಿ ಬೆಲ್ಲ ಬರೋದು, ಎಲೆಯೆಲ್ಲಾ ಅಂಟಂಟು. ಶೈಲಾನೇ ಯಾವಾಗ್ಲೂ ಕತ್ತೆ 😂

ಶೈಲಕ್ಕ: ನೀನು ತೊಡೆ ಕೆಳಗೆ ಎಲೆ ಬಚ್ಚಿಡ್ತಿದ್ದೆ ಮಂಜಣ್ಣ. ಅದಕ್ಕೆ ನಾನು ಕತ್ತೆ ಆಗ್ತಿದ್ದೆ.

ಮಂಜಣ್ಣ: ಸಾಕ್ಷಿ ತಾ 😂

ಚೇತು: ಮಂಜಣ್ಣ ಒಳ್ಳೇ ಮಾತು ತೆಗೆದ. ಕತ್ತೆ ಆಟದಲ್ಲಿ ಕೈ ಮೊದಲು ಖಾಲಿ ಮಾಡಿದೋನು ಪಾರು. ಮ್ಯಾಜಿಕ್‌ನಲ್ಲಿ ಉಲ್ಟಾ, ಕೈಲಿ ಕಾರ್ಡಿದ್ದಷ್ಟೂ ದಾರಿ ಜಾಸ್ತಿ. ಒಂದು ಕಪ್ಪು ಮಾನಾ (ಕಾರ್ಡು ಆಡೋಕೆ ತೆರಬೇಕಾದ ಶಕ್ತಿ) ಖರ್ಚು ಮಾಡಿ, ಈ ಕಾರ್ಡನ್ನೂ ಕಳ್ಕೊಂಡು, ಉಳಿದಿದ್ದನ್ನೂ ಕಳ್ಕೊಂಡ್ರೆ ಎದುರಿನವನಿಗೆ ಒಂದು ಗೀರೂ ಬೀಳಲ್ಲ. ದುರ್ಬಲ ಅಂದಿದ್ದು ಅದಕ್ಕೇ. ಆದ್ರೆ ಅದರ ಜೊತೆಗೇ ಬಿಟ್ಟ ಕಾರ್ಡುಗಳ ಕಂತಲ್ಲಿ ‘ಎಬೊನಿ ಔಲ್ ನೆಟ್ಸುಕೆ’ ಅನ್ನೋ ಗೂಬೆ ಕಾರ್ಡಿದೆ. ಎದುರಿನವನು ಅದನ್ನ ಇಟ್ಟಿದ್ದು, ನಮ್ಮ ಸರದಿ ಶುರುವಾದಾಗ ನಮ್ಮ ಕೈಲಿ 7 ಅಥವಾ ಜಾಸ್ತಿ ಕಾರ್ಡಿದ್ರೆ 4 ಪಾಯಿಂಟ್ ಜೀವ ಕಿತ್ಕೊಳ್ಳುತ್ತೆ. ನಮಗಿರೋದೇ 20.

ದೊಡ್ಡಪ್ಪ: ಗೂಬೆ ಬೇರೆ. ಮನೆಯೊಳಕ್ಕೆ ತರಬ್ಯಾಡ ಅದ್ನ.

ರಘು ಭಾವ: ಬೇಕಂತಲೇ 7 ಕಾರ್ಡು ಯಾರು ಇಟ್ಕೋತಾರೆ? ಆಡಿ ಖಾಲಿ ಮಾಡಿದ್ರಾಯ್ತು.

ಭಾವನ ಪ್ರಶ್ನೆ ಸರಿಯಾಗಿತ್ತು. ಆ ದಿನ ಗುಂಪಿನಲ್ಲಿ ಆಟದ ಬಗ್ಗೆ ಯೋಚಿಸಿ ಕೇಳಿದ್ದು ಅವರೊಬ್ಬರೇ. ಎದುರಾಳಿ ಗೂಬೆಯ ಜೊತೆಗೆ ‘ಹೌಲಿಂಗ್ ಮೈನ್’ ಎಂಬ ಕಾರ್ಡನ್ನೂ ಇಟ್ಟರೆ ಪ್ರತಿ ಆಟಗಾರನಿಗೂ ಸರದಿಗೊಂದು ಕಾರ್ಡು ಹೆಚ್ಚಿಗೆ ಬರುತ್ತದೆ. ಜೊತೆಗೆ ನಾವು ನೆಲಕ್ಕಿಟ್ಟಿದ್ದನ್ನು ಅವನು ವಾಪಸ್ ನಮ್ಮ ಕೈಗೇ ಕಳಿಸುತ್ತ ಹೋದರೆ ಆಡಿ ಮುಗಿಸಲು ಪುರಸೊತ್ತೇ ಸಿಗುವುದಿಲ್ಲ. ಕೈ ತುಂಬಿ ತುಂಬಿಯೇ ಸಾಯುತ್ತೇವೆ. 2006ರ ಸುಮಾರಿಗೆ ಇಂಥ ಡೆಕ್ (ಆಟಗಾರ ಕಟ್ಟಿಕೊಂಡು ಬರುವ ಕಾರ್ಡಿನ ಕಟ್ಟು) ಸ್ಪರ್ಧೆಗಳಲ್ಲಿ ಓಡಾಡಿತು, ಹೆಸರು ‘ಔಲಿಂಗ್ ಮೈನ್’. ಅದರ ವಿರುದ್ಧ ಕೆಲವರು ‘ಒನ್ ವಿತ್ ನಥಿಂಗ್’ ಅನ್ನು ಸೈಡ್‌ಬೋರ್ಡಿನಲ್ಲಿ, ಅಂದರೆ ಆಟಗಳ ನಡುವೆ ಬದಲಿಸಿಕೊಳ್ಳುವ ಮೀಸಲು ಕಾರ್ಡುಗಳಲ್ಲಿ, ಇಟ್ಟುಕೊಂಡರು. ಗೂಬೆಯನ್ನೇ ಒಡೆದುಹಾಕಬಹುದಿತ್ತಲ್ಲ ಎಂದರೆ, ಅದು ಆರ್ಟಿಫ್ಯಾಕ್ಟ್, ಅಂದರೆ ವಸ್ತುವಿನ ಕಾರ್ಡು. ಹಸಿರು, ಕೆಂಪು ಬಣ್ಣದ ಕಾರ್ಡುಗಳಿಗೆ ಆರ್ಟಿಫ್ಯಾಕ್ಟ್ ಒಡೆಯುವುದು ಸಲೀಸು, ‘ಒನ್ ವಿತ್ ನಥಿಂಗ್’ ಸೇರಿರುವ ಕಪ್ಪು ಬಣ್ಣಕ್ಕೆ ಬಹಳ ಕಷ್ಟ. ಏಟು ಬೀಳುವ ಮುಂಚೆ ಕೈ ಖಾಲಿ ಮಾಡಿಬಿಟ್ಟರೆ ಆ 4 ಪಾಯಿಂಟ್ ಉಳಿಯುತ್ತದೆ.

ಇಷ್ಟನ್ನೂ ಗುಂಪಿನಲ್ಲಿ ಬರೆದೆ. ಅಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿತ್ತು.

ಶೈಲಕ್ಕ: ದೊಡ್ಡಪ್ಪ, ಎಲೆ ಆಟ ಅಂದ್ರೆ ಅಷ್ಟು ಕೀಳಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರೇ ಗಂಜೀಫಾ ಆಟಗಳನ್ನ ರೂಪಿಸಿ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಬರೆಸಿದ್ದಾರೆ.

ದೊಡ್ಡಪ್ಪ: ಅರಸ್ರಿಗೆ ರಾಜ್ಯ ಇತ್ತವ್ವ. ನಮ್ಗಿದ್ದದ್ದು ಗದ್ದೆ. ನಾಲೆ ಪಕ್ಕದ್ದು ಇಸ್ಪೀಟಿಗೇ ಹೋಯ್ತಲ್ಲ.

ಶೈಲಕ್ಕ: ಯಾರ ಬಗ್ಗೆ ಹೇಳ್ತಿದ್ದೀರಾ ಗೊತ್ತು. ಅಪ್ಪ ಆ ಗದ್ದೆ ಮಾರಿದ್ದು ಸುಮತ್ತೆ ಮದುವೆಗೆ. ಅವರಿಲ್ಲ ಅಂತ ಏನ್ ಬೇಕಾದ್ರೂ ಅನ್ನಬೇಡಿ.

ಸುಮತ್ತೆ: ನನ್ ಮದುವೆ ಯಾಕ್ ಬಂತು ಇಲ್ಲಿಗೆ? ನಾನ್ ಹಾಕಿದ್ದು ಕಾರ್ಡಿನ ವಿಷಯ.

ದೊಡ್ಡಪ್ಪ: ಮದ್ವೆಗೆ ಮಾರಿದ್ದು ಅರ್ಧ. ಮಿಕ್ಕರ್ಧ ಎತ್ಲಾಗೋಯ್ತು ಕೇಳು.

ರಘು ಭಾವ: ಹಳೇ ಪಹಣಿ ಇದ್ರೆ ಹಾಕಿ ಮಾವ. ನೋಡಿ ಮಾತಾಡೋಣ.

ಮಂಜಣ್ಣ: ಆ ಗದ್ದೆ ಬದೀಲಿ ಏಡಿ ಇಡೀತಿದ್ದೋ 😢

ಶೈಲಕ್ಕನ ಅಪ್ಪ ನನಗೆ ಚಿಕ್ಕಪ್ಪ. ಇಸ್ಪೀಟು ಆಡುತ್ತಿದ್ದರು, ನಿಜ. ನನಗೆ ರಮ್ಮಿ ಹೇಳಿಕೊಟ್ಟವರೂ ಅವರೇ. ಕೈಗೆ ಬಂದ ಎಲೆಯನ್ನು ನೋಡಿದ ತಕ್ಷಣ ಬಿಸಾಡಬೇಡ, ಎದುರು ಕೂತವನು ಏನು ಎತ್ತುತ್ತಿದ್ದಾನೆ ನೋಡು ಎನ್ನುತ್ತಿದ್ದರು. ಗದ್ದೆಯ ಲೆಕ್ಕ ನಾನು ಹುಟ್ಟುವ ಮೊದಲಿನದು. ಆದರೆ ತೀರಿಹೋದವರನ್ನು ಒಂದು ಫಾರ್ವರ್ಡಿನ ನೆಪದಲ್ಲಿ ಜೂಜುಕೋರರನ್ನಾಗಿ ಮಾಡುವುದು ನನಗೆ ಸಹಿಸಲಾಗಲಿಲ್ಲ. ಅದನ್ನು ದೊಡ್ಡಪ್ಪನಿಗೆ ಗುಂಪಿನಲ್ಲೇ ಬರೆದೆ. ಉತ್ತರ ಬರಲಿಲ್ಲ. ಸುಮತ್ತೆ ಮಾತ್ರ ಒಂದು 🙏 ಹಾಕಿದರು.

ರಾತ್ರಿ ಭಾವ ಮತ್ತೆ ಕಾರ್ಡಿಗೆ ಬಂದರು.

ರಘು ಭಾವ: ಚೇತು, ಗೂಬೆ ಕಥೆ ಬಿಡು. ಕೈ ಬಿಸಾಡೋದ್ರಿಂದ ನಿಜವಾಗ್ಲೂ ಗೆದ್ದಿರೋ ಕಾರ್ಡು ಒಂದಾದ್ರೂ ಇದ್ಯಾ?

ಚೇತು: ಇದೆ ಭಾವ. ‘ಲಯನ್ಸ್ ಐ ಡೈಮಂಡ್’, 1996ರ ಮಿರಾಜ್ ಕಂತಿಂದು. ಅದೂ ಕೈಲಿರೋದನ್ನೆಲ್ಲ ಬಿಸಾಡಿಸುತ್ತೆ. ಬಂದಾಗ ತುಂಬ ಜನ ಕಸ ಅಂದಿದ್ರು. ಆದ್ರೆ ಅದನ್ನ ಆಡೋಕೆ ಖರ್ಚಿಲ್ಲ, ಬದಲಿಗೆ 3 ಮಾನಾ ಕೊಡುತ್ತೆ. ಬಿಸಾಡಿದ ರಾಶಿಯಿಂದಲೇ ಆಡೋ ಕಾರ್ಡುಗಳು, ಕೈ ಖಾಲಿ ಇದ್ರೆ ಬಲ ಬರೋ ಕಾರ್ಡುಗಳು ಆಮೇಲೆ ಬಂದ್ವು. ಈಗ ವಿಂಟೇಜ್ ಅನ್ನೋ, ಹಳೇ ಕಾರ್ಡುಗಳನ್ನೂ ಬಿಡೋ ಆಟದ ಮಾದರಿಯಲ್ಲಿ ಡೆಕ್ಕಿಗೆ ಒಂದೇ ಒಂದು ಇಟ್ಕೋಬಹುದು, ಅಷ್ಟು ಬಲ.

ರಘು ಭಾವ: ಹಾಗಾದ್ರೆ ನಿನ್ನ ಡೆಕ್ಕಲ್ಲಿ ಈ ‘ನಥಿಂಗ್’ ಇದ್ಯಾ?

ಚೇತು: ಇಲ್ಲ. ಡೈಮಂಡ್ ಬಿಸಾಡಿಸಿ ಮಾನಾ ಕೊಡುತ್ತೆ, ಇದು ಬಿಸಾಡಿಸಿ ಸುಮ್ಮನಾಗುತ್ತೆ. 60 ಕಾರ್ಡಿನ ಡೆಕ್ಕಲ್ಲಿ ಇದಕ್ಕೆ ಜಾಗ ಇಲ್ಲ. ಸೈಡ್‌ಬೋರ್ಡಲ್ಲಿರೋದು 15 ಜಾಗ, ಒಂದೊಂದಕ್ಕೂ ಎದುರಲ್ಲಿ ಯಾರು ಕೂರ್ತಾರೆ ಅಂತ ನೋಡ್ಬೇಕು. ಇಲ್ಲಿ ನನ್ನ ಜೊತೆ ಆಡೋರು ಹೆಚ್ಚಾಗಿ ಕೆಂಪು ಡೆಕ್‌ನೋರು. ಮೂರ್ನಾಲ್ಕು ಸರದೀಲಿ ಹೊಡೆದು ಮುಗಿಸ್ತಾರೆ. ಅವರ ಮುಂದೆ ನಾನೇ ಕೈ ಖಾಲಿ ಮಾಡ್ಕೊಂಡು ಕೂತ್ರೆ ಸೋತೆ ಅಂತಲೇ ಲೆಕ್ಕ. ಯಾರಾದ್ರೂ ಗೂಬೆ ಡೆಕ್ ಕಟ್ಟಿದ್ರೆ ಆಗ ಎರಡು ಹಾಕ್ಕೋತೀನಿ.