ಚಿಂಚೋಳಿ ಕಡೆ ಹೊಲದಲ್ಲಿ ಗೆಸ್ಟ್‌ಹೌಸ್ ಮಾಡಬೇಕು, ಅನುಭವ ಇದ್ದವರು ಹೇಳ್ತೀರಾ?

ಎಲ್ಲರಿಗೂ ಶರಣು. ಚಿಂಚೋಳಿಯಿಂದ ಸ್ವಲ್ಪ ಒಳಗೆ ನಮ್ಮದು ನಾಲ್ಕು ಎಕರೆ ಹೊಲ. ಮೂರು ಎಕರೆ ಎರಿ, ಅಂದರೆ ಕಪ್ಪು ಮಣ್ಣು, ಉಳಿದದ್ದು ಗುಡ್ಡದ ಮಗ್ಗುಲಿನ ಕೆಂಪು ನೆಲ. ಅಲ್ಲೇ ಒಂದು ಹಳೇ ಮನೆಯೂ ಇದೆ, ಯಾರೂ ಇಲ್ಲ. ಅಪ್ಪ ತೊಗರಿ, ಜೋಳ ಬೆಳೆಯುತ್ತಾರೆ. ನಾನು ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದೇನೆ. ನಾಲ್ಕು ಬಿದಿರಿನ ಕಾಟೇಜ್, ಹುಲ್ಲಿನ ಸೂರು, ಸೋಲಾರ್, ಹೀಗೆ ಪರಿಸರಕ್ಕೆ ಹೊಂದುವಂಥದ್ದು ಮಾಡಬೇಕು ಅಂತ ಆಸೆ. ಕಾಡು, ಚಂದ್ರಂಪಳ್ಳಿ ಡ್ಯಾಮ್ ಹತ್ತಿರ. ತಾಂಡೂರು ದಾರಿ ಹಿಡಿದು ಹೈದರಾಬಾದ್‌ನವರೂ ಬರಬಹುದು. ಕೈಯಲ್ಲಿ ದುಡ್ಡು ಕಮ್ಮಿ. ಎಲ್ಲಿಂದ ಶುರು ಮಾಡಲಿ?

ಬೀದರ್ ತಾಲೂಕಿನಿಂದ, ಆರು ವರ್ಷದಿಂದ ಮೂರು ರೂಮು ನಡೆಸುತ್ತಿರುವವರು:

ತಮ್ಮಾ, ಮೊದಲು ಆ ಬಿದಿರು ಬಿಡು. ನೀನು ನೋಡಿದ ಫೋಟೊ ಮಲೆನಾಡಿನದು ಇರಬೇಕು. ನಮ್ಮ ಬಿಸಿಲಿಗೆ ಅದು ನಡೆಯುವುದಿಲ್ಲ. ನಾನೂ ಒಂದು ಕಟ್ಟಿಸಿದ್ದೆ. ಮೇ ತಿಂಗಳಲ್ಲಿ ರಾತ್ರಿ ಎಂಟಾದರೂ ಒಳಗೆ ಕಾಲಿಡೋಕೆ ಆಗುತ್ತಿರಲಿಲ್ಲ. ಮೂರನೇ ಬೇಸಿಗೆಗೆ ಬಿದಿರು ಸೀಳಿತು, ಕೆಳಗಿನಿಂದ ಗೆದ್ದಲು ಹತ್ತಿತು. ಈಗ ಅದರಲ್ಲಿ ತೊಗರಿ ಹೊಟ್ಟು ತುಂಬಿದ್ದೇವೆ, ಎತ್ತುಗಳಿಗೆ ಅನುಕೂಲ ಆಗಿದೆ.

ನಿನ್ನ ಹತ್ತಿರ ಹಳೇ ಮನೆ ಇದೆಯಲ್ಲ, ಅದೇ ನಿನ್ನ ಮೊದಲ ರೂಮು. ನಾವೂ ಅಜ್ಜಿ ಇರುತ್ತಿದ್ದ ಕೋಣೆಯಿಂದಲೇ ಶುರು ಮಾಡಿದೆವು. ಎರಡಡಿ ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಯಾರೋ ಹಿಂದೆ ಗೋಡೆಗೆ ಸಿಮೆಂಟ್ ಮೆತ್ತಿದ್ದರು. ಅದನ್ನು ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದೆ. ನೆಲಕ್ಕೆ ಶಹಾಬಾದ್ ಪರಸಿ ಕಲ್ಲು. ಒಂದು ಸಲ ಮಾರ್ಚ್ ಕೊನೆಗೆ ಒಂದು ಕುಟುಂಬ ಬಂದಿತ್ತು. ಮಧ್ಯಾಹ್ನ ಊಟ ಆದಮೇಲೆ ಅವರ ಅಜ್ಜ ಮಂಚ ಬಿಟ್ಟು ಕೆಳಗೆ ಬಂದರು. ಬರೀ ಪರಸಿ ಮೇಲೆ ಟವೆಲ್ ಸುರುಳಿ ಮಾಡಿ ತಲೆಗಿಟ್ಟುಕೊಂಡು ಮಲಗಿದವರು ಐದು ಗಂಟೆಗೇ ಎದ್ದದ್ದು. ಕೂಲರ್ ಹಾಕಲಾ ಅಂತ ಕೇಳಿದರೆ ಕೈ ಆಡಿಸಿ ಬೇಡ ಅಂದರು.

ಮಾಳಿಗೆಗೆ ಕೆಲಸ ಇದೆ, ಸುಳ್ಳು ಹೇಳುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಮೇಲೆ ಹತ್ತಿ ಹುಲ್ಲು ಕೀಳಬೇಕು, ಹೊಸ ಮಣ್ಣು ಹಾಕಿ ಬಡಿಯಬೇಕು. ಒಂದು ವರ್ಷ ಬಿಟ್ಟರೂ ಸೋರುತ್ತದೆ. ಈ ಕೆಲಸ ಬಲ್ಲವರು ಕಮ್ಮಿ ಆಗಿದ್ದಾರೆ. ನಿಮ್ಮೂರಲ್ಲಿ ಒಬ್ಬ ಮುದುಕ ಇದ್ದರೂ ಈಗಲೇ ಹೋಗಿ ಮಾತಾಡು. ಮಗನನ್ನೂ ಜೊತೆಗೆ ಕರೆದುಕೊಂಡು ಬಾ ಅನ್ನು.

ಏಪ್ರಿಲ್, ಮೇ ಎರಡು ತಿಂಗಳು ನಾವು ಬಾಗಿಲು ಹಾಕುತ್ತೇವೆ. ಬೋರ್ ಇಳಿದಿರುತ್ತದೆ, ಇರುವ ನೀರು ದನಕ್ಕೆ ಬೇಕು. ಒಂದು ಕೂಲರ್ ರಾತ್ರಿಗೆ ನಾಲ್ಕೈದು ಕೊಡ ನೀರು ಕುಡಿಯುತ್ತದೆ, ಲೆಕ್ಕ ಹಾಕು. ನಮ್ಮ ನೌಬಾದ್ ಕಡೆ ಬಹಮನಿ ಕಾಲದ ಕರೇಜ್ ಇದೆ, ಸುರಂಗ ಬಾವಿ ಅಂತೀವಲ್ಲ ಅದು. ನೆಲದ ಮೇಲೆ ಹರಿಸಿದರೆ ಬಿಸಿಲಿಗೆ ನೀರು ಆರುತ್ತದೆ ಅಂತ ಕಲ್ಲು ಕೊರೆದು ಒಳಗಿಂದಲೇ ತಂದರು. ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ವಾಪಸ್ ಬಂದಮೇಲೆ ಯಾರೂ ಷವರ್ ಕೇಳುವುದಿಲ್ಲ, ಬಕೆಟ್ಟೇ ಸಾಕು ಅಂತಾರೆ.

ಸೇಡಂ ಕಡೆಯವರು:

ಏಪ್ರಿಲ್‌ನಲ್ಲಿ ಬಾಗಿಲು ಹಾಕೋದು ಮೇಲೆ ಬರೆದ ಬೀದರಿನವರಿಗೆ ನಡೆಯುತ್ತದೆ, ಬ್ಯಾಂಕಿನ ಕಂತು ಇರುವವರಿಗೆ ನಡೆಯುವುದಿಲ್ಲ. ನಾನು ಒಂದು ರೂಮಿಗೆ ಎಸಿ ಹಾಕಿಸಿದ್ದೇನೆ. ಸಣ್ಣ ಮಕ್ಕಳಿದ್ದವರು, ವಯಸ್ಸಾದವರು ಬಂದರೆ ಬೇಕೇ ಬೇಕು. ಅದಕ್ಕೆ ನಾಚಿಕೆ ಪಟ್ಟುಕೊಳ್ಳಬೇಡಿ.

ನಾನು ಹೇಳಬೇಕಾದ್ದು ಬೇರೆ. ಎರಿ ಭೂಮಿಯಲ್ಲಿ ಕಟ್ಟಬೇಡಿ, ದಯವಿಟ್ಟು. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಪಾಯ ಗರಸು, ಅಂದರೆ ಕೆಳಗಿನ ಗಟ್ಟಿ ಜಲ್ಲಿ ಮಣ್ಣು ಸಿಗುವ ತನಕ ಹೋಗಲೇಬೇಕು. ನಮ್ಮ ಗುತ್ತಿಗೆದಾರ ಮೂರಡಿ ಸಾಕು ಅಂದ, ನಾನು ತಲೆ ಆಡಿಸಿದೆ. ಎರಡನೇ ವರ್ಷ ಕಿಟಕಿ ಮೂಲೆಯಿಂದ ಸೂರಿನ ತನಕ ಸೀಳು.

ಅದಕ್ಕಿಂತ ದೊಡ್ಡ ತಪ್ಪು ಇಂಗು ಗುಂಡಿ. ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಗುಂಡಿ ತೆಗೆದು, ಕಲ್ಲು, ಇದ್ದಿಲು, ಉಸುಕು ಎಲ್ಲ ಹಾಕಿದೆ. ಎರಿ ಮಣ್ಣು ಒಂದು ಸಲ ನೆನೆಯಿತು ಅಂದರೆ ನೀರು ಕುಡಿಯುವುದಿಲ್ಲ. ಆಗಸ್ಟ್‌ನಲ್ಲಿ ಗುಂಡಿ ತುಂಬಿ ಬಚ್ಚಲ ನೀರು ವಾಪಸ್ ರೂಮಿಗೇ ಬಂತು. ಒಳಗೆ ಹೊಸದಾಗಿ ಮದುವೆಯಾದ ಜೋಡಿ. ಏನು ಹೇಳಲಿ! ಈಗ ಬಚ್ಚಲ ನೀರನ್ನು ಉದ್ದ ಕಾಲುವೆಯಲ್ಲಿ ಬಿಟ್ಟು ಬಾಳೆ, ಕೆಸುವು ಹಚ್ಚಿದ್ದೇನೆ. ಅವೇ ಕುಡಿಯುತ್ತವೆ. ಸಂಡಾಸಿನದು ಬೇರೆ ಸೆಪ್ಟಿಕ್ ಟ್ಯಾಂಕ್. ಎರಡನ್ನೂ ಒಂದೇ ಪೈಪಿಗೆ ಸೇರಿಸಬೇಡಿ. ನಿಮಗೆ ಗುಡ್ಡದ ಮಗ್ಗುಲಿನ ನೆಲ ಇದೆಯಲ್ಲ, ಕಟ್ಟುವುದಿದ್ದರೆ ಅಲ್ಲೇ ಕಟ್ಟಿ. ಎರಿಯಲ್ಲಿ ಜೋಳವೇ ಇರಲಿ.

ಸೋಲಾರ್ ಗೀಸರ್ ತಗೊಳ್ಳುವ ಮುಂಚೆ ಬೋರ್ ನೀರು ಪರೀಕ್ಷೆ ಮಾಡಿಸಿ. ನಮ್ಮದು ಗಡಸು ನೀರು. ಒಂದೂವರೆ ವರ್ಷಕ್ಕೆ ಕೊಳವೆಯೆಲ್ಲ ಸುಣ್ಣ ಕಟ್ಟಿ ಬಿಳಿ ಆಯಿತು. ಫ್ಲೋರೈಡ್ ಎಷ್ಟಿದೆ ಅಂತಲೂ ನೋಡಿಸಿ. ಜಾಸ್ತಿ ಇದ್ದರೆ ಕುಡಿಯಲು ಆರ್‌ಒ ಬೇಕೇ ಆಗುತ್ತದೆ. ಅದು ಹೊರಗೆ ಬಿಡುವ ನೀರು ನೆಲ ಒರೆಸೋಕೆ ಆಗುತ್ತದೆ.

ಸುರಪುರದ ಅಕ್ಕ:

ಎಲ್ಲರೂ ಗೋಡೆ, ಗುಂಡಿ ಅಂತ ಹೇಳಿದಿರಿ, ಊಟದ ಮಾತೇ ಇಲ್ಲ. ನಮ್ಮ ಮನೆಗೆ ಬರುವವರು ಬೋನಾಳ ಪಕ್ಷಿಧಾಮದಲ್ಲಿ ಹಕ್ಕಿ ನೋಡೋಕೆ ಬರುತ್ತಾರೆ. ಮತ್ತೆ ಬರುವುದು ಮಾತ್ರ ರೊಟ್ಟಿಗೆ.

ಮೊದಲ ವರ್ಷ ನಾನು ದಡ್ಡಿ. ಪನೀರ್, ಗೋಬಿ, ನೂಡಲ್ಸ್ ಎಲ್ಲ ಮಾಡಿ ಇಡುತ್ತಿದ್ದೆ. ಅರ್ಧ ತಿಪ್ಪೆಗೆ. ಈಗ ಬಿಸಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು. ಮುಗೀತು. ತರಕಾರಿ ಊರೊಳಗಿನ ಇಬ್ಬರು ಹೆಣ್ಣುಮಕ್ಕಳಿಂದ, ಹಾಲು ಪಕ್ಕದ ಮನೆಯಿಂದ. ಗಾಡಿ ಕಳಿಸಿ ಶಹರದಿಂದ ತರಿಸುವ ಖರ್ಚು ಇಲ್ಲ, ಪ್ಲಾಸ್ಟಿಕ್ ಚೀಲವೂ ಇಲ್ಲ. ಪರಿಸರ ಅಂದರೆ ಇದೂ ಅಲ್ವಾ?

ತಮ್ಮಾ, ನಿನ್ನ ಹೊಲದಲ್ಲಿ ಜೋಳ ಇದೆ. ಚಳಿಗಾಲದಲ್ಲಿ ಸೀತನಿ ಮಾಡು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹುಗಿದು, ಬಿಸಿ ಇದ್ದಾಗಲೇ ಅಂಗೈಯಲ್ಲಿ ತಿಕ್ಕಿ ಊದಬೇಕು. ಹಸಿರು ಕಾಳು ಕೈಯಲ್ಲಿ ಉಳಿಯುತ್ತದೆ, ಬೂದಿ ಮುಖಕ್ಕೆ ಹಾರುತ್ತದೆ. ಅದನ್ನು ಹಿಂಡಿ, ಬೆಲ್ಲದ ಜೊತೆ ತಿನ್ನೋಕೆ ಮೂಗು ಕರಿ ಮಾಡಿಕೊಂಡು ಕೂರುತ್ತಾರೆ ನೋಡು ಶಹರದವರು! ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ, ಅಂದರೆ ಭೂತಾಯಿಯ ನೈವೇದ್ಯ ಚೆಲ್ಲೋಕೆ ಹೋಗುವಾಗ ಅವರನ್ನೂ ಬಂಡಿ ಹತ್ತಿಸು. ಆದರೆ ಅವತ್ತಿನ ಭಜ್ಜಿ, ಸಜ್ಜೆ ರೊಟ್ಟಿಗೆ ರೊಕ್ಕ ತಗೋಬೇಡ. ಹಬ್ಬದ ಊಟ ಅದು.

ಕಲಬುರಗಿಯಿಂದ:

ಕಾಗದದ ವಿಷಯ ಬೇಗ ಹೇಳುತ್ತೇನೆ. ಚಿಂಚೋಳಿ ಕಾಡು 2011ರಿಂದ ವನ್ಯಜೀವಿಧಾಮ. ನಿಮ್ಮ ಸರ್ವೆ ನಂಬರ್ ಪರಿಸರ ಸೂಕ್ಷ್ಮ ವಲಯದಲ್ಲಿ ಬರುತ್ತದಾ ಅಂತ ಅರಣ್ಯ ಇಲಾಖೆಯಲ್ಲಿ ಬರವಣಿಗೆಯಲ್ಲೇ ಕೇಳಿ. ಬಾಯಿಮಾತು ನಂಬಬೇಡಿ, ನಾನು ನಂಬಿ ಎಂಟು ತಿಂಗಳು ಕಳೆದುಕೊಂಡೆ. ಹೊಲದಲ್ಲಿ ಹೊಸದಾಗಿ ಕಟ್ಟುವುದಾದರೆ ಎನ್‌ಎ, ಅಂದರೆ ಕೃಷಿಯೇತರ ಅಂತ ಭೂ ಪರಿವರ್ತನೆ ಮಾಡಿಸಬೇಕು. ಹೋಮ್‌ಸ್ಟೇ ಅಂತ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ವಿದೇಶಿಯರು ಬಂದು ಇಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕೊಡಬೇಕು, ಮುಂಚೆ ಇದಕ್ಕೆ ಸಿ ಫಾರ್ಮ್ ಅನ್ನುತ್ತಿದ್ದರು.

ಹೈದರಾಬಾದ್‌ನಲ್ಲಿರುವ ಹುಮನಾಬಾದಿನವನು:

ನಾನು ಗೆಸ್ಟ್ ಕಡೆಯಿಂದ. ಒಂದು ಜಾಗಕ್ಕೆ ಹೋಗಿದ್ದೆ, ಗೇಟಿನ ಮೇಲೆ ದೊಡ್ಡದಾಗಿ ಇಕೋ ಅಂತ ಬೋರ್ಡು. ರೂಮಿಗೆ ಹೋದರೆ ಆರು ಪ್ಲಾಸ್ಟಿಕ್ ಬಾಟಲಿ, ರಾತ್ರಿ ಹನ್ನೊಂದರ ತನಕ ಡಿಜೆ. ನವಿಲು ಕೂಗೋದು ಕೇಳಿಸಲಿಲ್ಲ. ನೀವು ಬೋರ್ಡು ಹಾಕದಿದ್ದರೂ ನಡೆಯುತ್ತದೆ. ಮೂಲೆಯಲ್ಲಿ ಒಂದು ಮಣ್ಣಿನ ಹರವಿ ನೀರು ಇಡಿ, ಆ ನೀರು ಎಲ್ಲಿಂದ ಬಂತು ಅಂತ ಹೇಳಿ. ಇನ್ನೊಂದು ಮಾತು, ಬೆಳಿಗ್ಗೆ ಚಪ್ಪಲಿ ಝಾಡಿಸಿ ಹಾಕಿಕೊಳ್ಳಿ ಅಂತ ಬಂದ ದಿನವೇ ಹೇಳಿಬಿಡಿ. ನನಗೆ ಯಾರೂ ಹೇಳಿರಲಿಲ್ಲ. ಚೇಳು ಸಣ್ಣದೇ ಇತ್ತು, ರಾತ್ರಿ ಮಾತ್ರ ದೊಡ್ಡದಾಯಿತು.

ಕೇಳಿದವನು:

ಎಲ್ಲರಿಗೂ ಥ್ಯಾಂಕ್ಸ್. ಬಿದಿರಿನವರಿಗೆ ಕೊಟ್ಟ ಅಡ್ವಾನ್ಸ್ ಹೋಯಿತು ಅನ್ನಿಸುತ್ತದೆ, ಇರಲಿ. ಹಳೇ ಮನೆಯಲ್ಲೇ ಒಂದು ರೂಮು ಮಾಡುತ್ತೇನೆ. ಒಂದೇ ರೂಮು ಅಂದರೆ ಜನ ನಗುವುದಿಲ್ವಾ?

ಬೀದರ್ ತಾಲೂಕಿನವರು:

ನಗಲಿ ಬಿಡು. ಅಡ್ವಾನ್ಸ್ ವಾಪಸ್ ಬರದಿದ್ದರೆ ಅಷ್ಟಕ್ಕೆ ಬಿದಿರೇ ಇಸಿದುಕೊಂಡು ಅಂಗಳಕ್ಕೆ ಚಪ್ಪರ ಹಾಕಿಸು, ನೆರಳಿಗೆ ಅದು ಒಳ್ಳೆಯದೇ. ಮೊದಲು ಈ ಬೇಸಿಗೆಯಲ್ಲಿ ಆ ರೂಮಿನಲ್ಲಿ ನೀನೇ ಹದಿನೈದು ದಿನ ಮಲಗಿ ನೋಡು, ಕರೆಂಟ್ ತೆಗೆದು. ಆಮೇಲೆ ಫೋನ್ ಮಾಡು.