ಸಹಾಯ ಬೇಕು: ಜೆಂಟೂನಲ್ಲಿ ಹೊಸ ಯಂತ್ರದ ಮೇಲೆ ಹಳೆಯ ಪ್ರೊಸೆಸರ್‌ಗಾಗಿ ಕಂಪೈಲ್

ಎಲ್ಲರಿಗೂ ನಮಸ್ಕಾರ. ರಾಯಚೂರಿನಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಜೆಂಟೂ ಲಿನಕ್ಸ್ (ತಂತ್ರಾಂಶಗಳನ್ನು ಸಾಮಾನ್ಯವಾಗಿ ಮೂಲ ಕೋಡ್‌ನಿಂದ ನಾವೇ ಕಂಪೈಲ್ ಮಾಡಿಕೊಳ್ಳುವ ವ್ಯವಸ್ಥೆ) ಇರುವ ಎರಡು ಕಂಪ್ಯೂಟರ್‌ಗಳಿವೆ. ಒಂದು ಹಳೆಯ ಇಂಟೆಲ್ ಐ5, ಐವಿ ಬ್ರಿಜ್ ತಲೆಮಾರಿನದು. ಇನ್ನೊಂದು ರೈಜೆನ್ 5600ಜಿ. ಹಳೆಯದರಲ್ಲಿ ಅಕ್ಕನ ಮಕ್ಕಳು ಓದುತ್ತಾರೆ, ಅದನ್ನು ಕೈಬಿಡುವ ಮಾತೇ ಇಲ್ಲ. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಅದರ ಮೇಲೆ ಬ್ರೌಸರ್ ಕಂಪೈಲ್ ಮಾಡಿಸುವುದು ಯಂತ್ರಕ್ಕೂ ಹಿಂಸೆ, ಮನೆಯವರಿಗೂ ಹಿಂಸೆ. ನಡುವೆ ಕರೆಂಟ್ ಹೋದರಂತೂ ಹೇಳುವುದೇ ಬೇಡ.

ಹಾಗಾಗಿ ರೈಜೆನ್‌ನಲ್ಲಿ ಪ್ರತ್ಯೇಕ ಕ್ರೂಟ್ (ಅದೇ ಯಂತ್ರದೊಳಗೆ ಬೇರೆಯೇ ಫೋಲ್ಡರ್‌ನಲ್ಲಿ ನಡೆಯುವ ಇನ್ನೊಂದು ಜೆಂಟೂ) ಮಾಡಿ, ಅಲ್ಲಿ ಸಿದ್ಧವಾದ ಬೈನರಿ ಪ್ಯಾಕೇಜ್‌ಗಳನ್ನು ಹಳೆಯದಕ್ಕೆ ಹಾಕಬೇಕೆಂದಿದ್ದೇನೆ. ಅಲ್ಲಿ ‘ಮಾರ್ಚ್=ನೇಟಿವ್’ (ಕಂಪೈಲ್ ಆಗುತ್ತಿರುವ ಯಂತ್ರದ ಪ್ರೊಸೆಸರ್‌ಗೇ ಹೊಂದಿಸು ಎಂಬ ಕಂಪೈಲರ್ ಆಯ್ಕೆ) ಕೊಡುವಂತಿಲ್ಲ; ಅದು ರೈಜೆನ್‌ನ ಎವಿಎಕ್ಸ್2 (ಒಂದೇ ಸಲಕ್ಕೆ ಹಲವು ಲೆಕ್ಕ ಮಾಡುವ) ಆದೇಶಗಳನ್ನು ಬಳಸಿಬಿಡುತ್ತದೆ. ಐವಿ ಬ್ರಿಜ್‌ನಲ್ಲಿ ಇರುವುದು ಅದಕ್ಕೂ ಹಿಂದಿನ ಎವಿಎಕ್ಸ್ ಮಾತ್ರ. ಅದೇ ಕಾರಣಕ್ಕೆ ಎವಿಎಕ್ಸ್2 ಬೇಡುವ ‘ಎಕ್ಸ್86-64-ವಿ3’ ಮಟ್ಟ ಕೂಡ ಆಗುವುದಿಲ್ಲ. ಉಳಿದದ್ದು ಅದಕ್ಕಿಂತ ಕೆಳಗಿನ ‘ವಿ2’ ಮಟ್ಟ ಅಥವಾ ನೇರವಾಗಿ ‘ಐವಿಬ್ರಿಜ್’. ಎರಡನೆಯದರಿಂದ ವಿಡಿಯೊ ನೋಡುವಾಗ, ಬ್ರೌಸರ್ ಬಳಸುವಾಗ ನಿಜವಾಗಿ ವೇಗ ಸಿಗುತ್ತದೆಯೇ? ಬಳಸಿ ನೋಡಿದವರ ಮಾತು ಬೇಕು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಸಿಪಿಯು ಫ್ಲ್ಯಾಗ್‌ಗಳ (ಪ್ರೊಸೆಸರ್ ಯಾವ ವಿಶೇಷ ಆದೇಶಗಳನ್ನು ಬಲ್ಲದು ಎಂದು ಜೆಂಟೂಗೆ ತಿಳಿಸುವ ಪಟ್ಟಿಯ) ವಿಷಯ. ಆ ಪಟ್ಟಿ ಕೊಡುವ ‘ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್’ ಅನ್ನು ಹಳೆಯ ಯಂತ್ರದಲ್ಲಿ ಓಡಿಸಿ, ಬಂದ ಸಾಲನ್ನು ಕ್ರೂಟ್‌ನ ‘ಪ್ಯಾಕೇಜ್.ಯೂಸ್’ (ಪ್ಯಾಕೇಜ್‌ಗಳ ಆಯ್ಕೆಗಳ ಕಡತ)ನಲ್ಲಿ ಬರೆದರೆ ಸಾಕೇ? ಅದನ್ನು ಲೆಕ್ಕಿಸದೆ, ಕಂಪೈಲ್ ಆಗುತ್ತಿರುವ ಯಂತ್ರದ ಪ್ರೊಸೆಸರನ್ನೇ ನೋಡಿ ತೀರ್ಮಾನಿಸುವ ಪ್ಯಾಕೇಜ್‌ಗಳು ನಿಮಗೆ ಎದುರಾಗಿವೆಯೇ? ರಸ್ಟ್ ಭಾಷೆಯಲ್ಲಿ ಬರೆದವುಗಳಿಗೆ ‘ಟಾರ್ಗೆಟ್-ಸಿಪಿಯು’ ಬೇರೆಯಾಗಿ ಕೊಡುತ್ತೀರಾ?

ಹೀಗೆ ಎರಡು ಯಂತ್ರಗಳನ್ನು ನಡೆಸುತ್ತಿರುವವರು ನಿಮ್ಮ ‘ಮೇಕ್.ಕಾನ್ಫ್’ (ಜೆಂಟೂವಿನ ಕಂಪೈಲ್ ಸೆಟ್ಟಿಂಗ್‌ಗಳ ಕಡತ) ಸಾಲುಗಳನ್ನು ಇಲ್ಲಿ ಹಾಕಿದರೆ ದೊಡ್ಡ ಉಪಕಾರವಾಗುತ್ತದೆ.