ಕ್ಯಾಂಟೀನ್ ಕಾರ್ಡ್, ಪಿಂಚಣಿ, ಟೋಲ್ ಜಗಳ: ಸುಬೇದಾರ್ ಸಾಹೇಬರಿಗೆ ನಿಮ್ಮ ಪ್ರಶ್ನೆಗಳು

ಗ್ರೂಪ್ ಅಡ್ಮಿನ್: ಹೋದ ವಾರ "ಮಿಲಿಟರಿ ಮನೆಯವರಿಗೆ ಎಲ್ಲಾ ಪುಕ್ಕಟೆ" ಅಂತ ಒಬ್ಬರು ಬರೆದಿದ್ದಕ್ಕೆ ಇಲ್ಲಿ ದೊಡ್ಡ ಜಗಳವೇ ಆಯಿತು. ಅದಕ್ಕೇ ಈ ಸಲ ಸೇನೆಯ ರೆಕಾರ್ಡ್ ಆಫೀಸಿನಲ್ಲಿ (ಸೈನಿಕರ ಸೇವಾ ದಾಖಲೆ ಇಡುವ ಕಚೇರಿ) ಕ್ಲರ್ಕ್ ಆಗಿದ್ದು ಸುಬೇದಾರ್ ಆಗಿ ನಿವೃತ್ತರಾದ ನಮ್ಮ ಸದಸ್ಯರನ್ನೇ ಕೂರಿಸಿದ್ದೇವೆ. ಈಗ ಬೆಳಗಾವಿ ಕಡೆ ಮಾಜಿ ಸೈನಿಕರ ಪಿಂಚಣಿ ಕಾಗದಪತ್ರ ನೋಡಿಕೊಡುತ್ತಾರೆ. ಕೇಳಿ, ಆದರೆ ಬೈಗುಳ ಬೇಡ.

ಪ್ರಶ್ನೆ (ಶಿಕ್ಷಕರು, ಗದಗ ಜಿಲ್ಲೆ): ಸಾಹೇಬರೇ, ನೇರವಾಗಿ ಕೇಳುತ್ತೇನೆ. ನಮ್ಮ ಪಕ್ಕದ ಮನೆಯವರು ನಲವತ್ತು ತುಂಬುವ ಮೊದಲೇ ಸೈನ್ಯದಿಂದ ಬಂದರು. ಪಿಂಚಣಿ ಬರುತ್ತೆ, ಅಗ್ಗದ ಸಾಮಾನಿನ ಮಿಲಿಟರಿ ಕ್ಯಾಂಟೀನ್ ಇದೆ, ಆಸ್ಪತ್ರೆ ಇದೆ, ಈಗ ಮಾಜಿ ಸೈನಿಕ ಕೋಟಾದಲ್ಲಿ ಬ್ಯಾಂಕ್ ಕೆಲಸವೂ ಸಿಕ್ಕಿತು. ನಾನು 2010ರಲ್ಲಿ ನೌಕರಿಗೆ ಸೇರಿದವನು, ನನಗೆ ಎನ್‌ಪಿಎಸ್, ಅಂದರೆ ಸಂಬಳದಿಂದಲೂ ಕಡಿತವಾಗುವ, ಇಷ್ಟೇ ಬರುತ್ತೆ ಅನ್ನುವ ಖಾತ್ರಿಯಿಲ್ಲದ ಹೊಸ ಪಿಂಚಣಿ. ಹೊಟ್ಟೆ ಉರಿಯುತ್ತೆ, ಮುಚ್ಚಿಡಲ್ಲ. ಇದು ನ್ಯಾಯವಾ?

ಉತ್ತರ: ಮೇಷ್ಟ್ರೇ, ನಿಮ್ಮ ಹೊಟ್ಟೆ ಉರಿಗೆ ಕಾರಣ ಪಕ್ಕದ ಮನೆಯಲ್ಲಿಲ್ಲ. ಕೇಂದ್ರ ಸರ್ಕಾರ 2004ರ ಜನವರಿ 1ರಿಂದ ಹೊಸದಾಗಿ ಸೇರುವವರಿಗೆ ಹಳೇ ಪಿಂಚಣಿ ನಿಲ್ಲಿಸಿತು, ಮೂರೂ ಸೇನೆಯವರನ್ನು ಮಾತ್ರ ಅದರಿಂದ ಹೊರಗಿಟ್ಟಿತು. ನಮ್ಮ ರಾಜ್ಯ 2006ರ ಏಪ್ರಿಲ್ 1ರಿಂದ ಅದನ್ನೇ ಮಾಡಿತು. ಅಲ್ಲಿಯವರೆಗೆ ಮಾಸ್ತರರಿಗೂ ಸಿಪಾಯಿಗೂ ಪಿಂಚಣಿ ಇತ್ತು, ಯಾರೂ ಯಾರನ್ನೂ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿರಲಿಲ್ಲ.

ಲೆಕ್ಕ ಮಾತ್ರ ಪೂರ್ತಿ ಹಾಕಿ. ನೀವು 60ರವರೆಗೆ ಕೆಲಸದಲ್ಲಿರುತ್ತೀರಿ. ವರ್ಷಕ್ಕೊಂದು ಇನ್‌ಕ್ರಿಮೆಂಟು, ನಡುವೆ ಬಡ್ತಿ, ವೇತನ ಆಯೋಗ. ಸಿಪಾಯಿಯನ್ನು ಅವನ ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುವಾಗಲೇ ಮನೆಗೆ ಕಳಿಸುತ್ತಾರೆ. ತಮ್ಮ ಇಷ್ಟಕ್ಕೆ ಬಂದವರಲ್ಲ, ಸೈನ್ಯಕ್ಕೆ ವಯಸ್ಸಾದ ಸಿಪಾಯಿ ಬೇಡ. ಕೊನೆಯ ಸಂಬಳದ ಅರ್ಧ ಪಿಂಚಣಿ, ಆ ಸಂಬಳವೇ ಸಿಪಾಯಿ, ನಾಯಕ್, ಹವಾಲ್ದಾರನದು. ಅದೂ ಸಾಮಾನ್ಯವಾಗಿ 15 ವರ್ಷ ಸೇವೆ ತುಂಬಿದ್ದರೆ ಮಾತ್ರ. ಓಆರ್‌ಓಪಿ (ಒಂದೇ ರ‍್ಯಾಂಕಿಗೆ ಒಂದೇ ಪಿಂಚಣಿ) ಅಂತ ಅಷ್ಟು ಗಲಾಟೆ ಆಗಿದ್ದೂ ಇದಕ್ಕೇ. ಒಂದೇ ರ‍್ಯಾಂಕು, ಒಂದೇ ಸೇವೆ, ಆದರೂ ಮೊದಲು ನಿವೃತ್ತನಾದವನಿಗೆ ಕಡಿಮೆ, ಆಮೇಲೆ ನಿವೃತ್ತನಾದವನಿಗೆ ಜಾಸ್ತಿ. 2014ರ ಜುಲೈ 1ರಿಂದ ಅದು ಸ್ವಲ್ಪ ಸರಿಹೋಯಿತು.

ಕೋಟಾ ಇರುವುದು ನಿಜ. ಕೇಂದ್ರದ ಗ್ರೂಪ್ ಸಿಯಲ್ಲಿ 10%, ಗ್ರೂಪ್ ಡಿಯಲ್ಲಿ 20%. ಬ್ಯಾಂಕುಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಸಿಪಾಯಿ ದರ್ಜೆಯವರು ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಿದರೆ ಸಂಬಳ ನಿಗದಿ ಮಾಡುವಾಗ ಪಿಂಚಣಿಯನ್ನು ಕಳೆಯುವುದೂ ಇಲ್ಲ. ಎರಡು ಕಡೆಯಿಂದ ದುಡ್ಡು ಬರುತ್ತೆ ಅಂತ ನಿಮಗೆ ಅನಿಸಿದರೆ ಸುಳ್ಳಲ್ಲ. ಆದರೆ ಕೆಲಸ ಸಿಕ್ಕ ಒಬ್ಬ ನಿಮ್ಮ ಕಣ್ಣಿಗೆ ಬಿದ್ದ. ಎಟಿಎಂ ಮುಂದೆ ರಾತ್ರಿಯಿಡೀ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರುವ ಮಾಜಿ ಹವಾಲ್ದಾರ್ ಬೀಳಲಿಲ್ಲ. ಅವನಿಗೆ ಯಾವ ಕೋಟಾವೂ ಇಲ್ಲ, ಏಜೆನ್ಸಿಯವನು ಕೊಟ್ಟಷ್ಟೇ.

ಪ್ರಶ್ನೆ (ಅಂಗಡಿ ಮಾಲೀಕರು, ಹಾಸನ): ಕ್ಯಾಂಟೀನಿನ ಬಗ್ಗೆ ಹೇಳಿ ಸರ್. ನಾನು ಕಟ್ಟುವ ಜಿಎಸ್‌ಟಿಯಲ್ಲಿ ಅವರಿಗೆ ಅಗ್ಗದ ಸೋಪು, ಅಗ್ಗದ ರಮ್ಮು. ನಮ್ಮ ವ್ಯಾಪಾರಕ್ಕೂ ಹೊಡೆತ.

ಉತ್ತರ: ಅಣ್ಣ, ಈ ಕ್ಯಾಂಟೀನುಗಳಿಗೆ ಸಾಮಾನು ಒದಗಿಸುವ ಸಿಎಸ್‌ಡಿ 1948ರಿಂದ ಇದೆ, ಕಚೇರಿ ಮುಂಬೈಯಲ್ಲಿ, ರಕ್ಷಣಾ ಸಚಿವಾಲಯದ ಕೆಳಗೆ. ಅದು ಖರೀದಿ ಮಾಡುವಾಗ ಕಟ್ಟುವ ಜಿಎಸ್‌ಟಿಯಲ್ಲಿ ಅರ್ಧ ವಾಪಸ್ ಸಿಗುತ್ತೆ, ಲಾಭಾಂಶವೂ ಕಡಿಮೆ. ಹಾಗಾಗಿ ಬೆಲೆ ಕಡಿಮೆ. ಇದು ಸರ್ಕಾರ ಬಿಟ್ಟುಕೊಟ್ಟ ತೆರಿಗೆಯೇ, ಇಲ್ಲ ಅನ್ನುವುದಿಲ್ಲ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ಅದು ಅಬಕಾರಿ ರಿಯಾಯಿತಿ. ತಿಂಗಳಿಗೆ ಎಷ್ಟು ಬಾಟಲಿ ಅಂತ ರ‍್ಯಾಂಕಿನ ಮೇಲೆ ನಿಗದಿ ಇದೆ, ಕಾರ್ಡ್ ಉಜ್ಜಿದ ತಕ್ಷಣ ಲೆಕ್ಕ ತೋರಿಸುತ್ತೆ.

ಆ ಬಾಟಲಿ ಹೊರಗೆ ಮಾರುವವರು ಇದ್ದಾರೆ, ಅದು ಅಪರಾಧ. ಸಿಕ್ಕಿಬಿದ್ದರೆ ಕಾರ್ಡ್ ಹೋಗುತ್ತೆ, ಹೋಗಲೂ ಬೇಕು. ಆದರೆ ಒಂದು ಮಾತು ಹೇಳಲೇಬೇಕು. ಊರಲ್ಲಿ "ನಮ್ಮ ತೆರಿಗೆ ದುಡ್ಡು" ಅಂತ ಕಟ್ಟೆ ಮೇಲೆ ಭಾಷಣ ಮಾಡುವ ಹಿರಿಯರೇ ಮಗನ ಮದುವೆ ಗೊತ್ತಾದ ಕೂಡಲೇ ಫೋನ್ ಮಾಡುತ್ತಾರೆ: "ಸಾಹೇಬ್ರ, ಒಂದೆರಡು ಕೇಸ್ ಹೊಂದಿಸಿಕೊಡ್ರಿ." ಇಲ್ಲ ಅಂದರೆ ನಮಗೆ ಸೊಕ್ಕು!

ಪ್ರತಿಕ್ರಿಯೆ (ಬೆಂಗಳೂರು): ಸಿಪಾಯಿ ಸರಿ ಸರ್. ಆದರೆ ಗಾಲ್ಫ್ ಮೈದಾನ, ಕ್ಲಬ್ಬು, ಊರ ನಡುವೆ ಎಕರೆಗಟ್ಟಲೆ ಜಾಗ?

ಉತ್ತರ: ಅದನ್ನು ಗಾಲ್ಫ್ ಆಡುವವರಿಗೆ ಕೇಳಿ. ನಾನು ಆಡಿಲ್ಲ. ರಕ್ಷಣಾ ಜಾಗದಲ್ಲಿ ಗಾಲ್ಫ್ ಮೈದಾನ ನಡೆಸುವುದಕ್ಕೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯೇ ಆಕ್ಷೇಪ ಎತ್ತಿತ್ತು. ಸಿಟಿಯವರು ಅಧಿಕಾರಿಯ ಬಂಗಲೆ ನೋಡಿ ಹುಟ್ಟಿಸಿಕೊಂಡ ಸಿಟ್ಟನ್ನು ಕುಂದಗೋಳದ ಸಿಪಾಯಿ ಮನೆ ಮೇಲೆ ತೀರಿಸಿಕೊಳ್ಳುತ್ತಾರೆ, ಅದು ನನಗೆ ಬೇಜಾರು.

ಪ್ರಶ್ನೆ (ಟೋಲ್ ನೌಕರ, ಹೆದ್ದಾರಿ ಹೆಸರು ಬೇಡ): ಸರ್, ದಿನಾ ಒಂದು ಜಗಳ. ಗಾಡಿಗೆ "ಆರ್ಮಿ" ಸ್ಟಿಕ್ಕರ್, ಓಡಿಸುವವನು ಭಾಮೈದ, ಒಳಗೆ ನೆಂಟರು. ಕಾರ್ಡ್ ತೋರಿಸಿ "ಗಡಿಯಲ್ಲಿ ನಾವು ಪ್ರಾಣ ಕೊಡೋದು, ನೀನು ಟೋಲ್ ಕೇಳ್ತೀಯಾ" ಅಂತಾರೆ. ವಿಡಿಯೋ ಬೇರೆ ಮಾಡ್ತಾರೆ. ನಿಜವಾಗಿ ಯಾರಿಗೆ ವಿನಾಯಿತಿ?

ಉತ್ತರ: ತಮ್ಮಾ, ನೀನು ಕೇಳುವುದು ಸರಿ. ವಿನಾಯಿತಿ ಬಂದಿರುವುದು 1901ರ ಒಂದು ಹಳೇ ಕಾನೂನಿನಿಂದ. ಅದು ಡ್ಯೂಟಿ ಮೇಲೆ ಇರುವವರಿಗೆ. ಪರಮವೀರ ಚಕ್ರ, ಅಶೋಕ ಚಕ್ರದಿಂದ ಹಿಡಿದು ವೀರ ಚಕ್ರ, ಶೌರ್ಯ ಚಕ್ರದವರೆಗೆ ಪದಕ ಪಡೆದವರಿಗೂ ಗುರುತಿನ ಚೀಟಿ ತೋರಿಸಿದರೆ ಉಂಟು. ನನ್ನಂಥ ನಿವೃತ್ತರಿಗೆ ಇಲ್ಲ. ರಜೆಯಲ್ಲಿ ಸ್ವಂತ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟವರಿಗೂ ಇಲ್ಲ. ಹೆಂಡತಿ, ಭಾವ, ಭಾಮೈದ ಇವರ ಮಾತಂತೂ ಬಿಡು.

ಇಲ್ಲಿ ತಪ್ಪು ನಮ್ಮವರದೇ. ಸಿಯಾಚಿನ್‌ನಲ್ಲಿ ಇದ್ದು ಬಂದವನು ಸುಮ್ನೆ ಫಾಸ್ಟ್ಯಾಗ್‌ನಲ್ಲಿ ಕಟ್ಟಿ ಹೋಗುತ್ತಾನೆ. ಕೂಗಾಡುವುದು ಸಾಮಾನ್ಯವಾಗಿ ಅವನ ನೆಂಟರು. ಆ ಒಂದು ವಿಡಿಯೋ ಸಾವಿರ ಜನ ನೋಡಿ "ಮಿಲಿಟರಿ ಮನೆಯವರೆಲ್ಲ ಹೀಗೆ" ಅಂತ ತೀರ್ಮಾನ ಮಾಡುತ್ತಾರೆ. ಸ್ಟಿಕ್ಕರ್ ಕಿತ್ತು ಹಾಕಿ ಅಂತ ನಾನು ಮಾಜಿ ಸೈನಿಕರ ಸಂಘದ ಸಭೆಯಲ್ಲೇ ಹೇಳುತ್ತಿರುತ್ತೇನೆ, ಅರ್ಧ ಜನ ಮುಖ ತಿರುಗಿಸುತ್ತಾರೆ.

ಪ್ರಶ್ನೆ (ಸೈನಿಕರ ಪತ್ನಿ, ಬಾಗಲಕೋಟೆ ಜಿಲ್ಲೆ): ಅಣ್ಣಾವ್ರೇ, ನಮ್ಮವರು ಸಿಕ್ಕಿಂ ಕಡೆ ಇದ್ದಾರೆ. ನಾನು ಅತ್ತೆ ಮಾವನ ಜೊತೆ ಊರಲ್ಲಿ. ಸಂಘದ ಸಾಲ ಕೇಳಿದರೂ "ನಿಮಗೇನ್ರೀ, ಮಿಲಿಟರಿ ರೊಕ್ಕ" ಅಂತಾರೆ. ಏನಂತ ಉತ್ತರ ಕೊಡಲಿ?

ಉತ್ತರ: ತಂಗಿ, ಅವರಿಗೆ ಉತ್ತರ ಕೊಡುತ್ತಾ ಕೂರಬೇಡ. ಅದಕ್ಕಿಂತ ದೊಡ್ಡ ಕೆಲಸ ಒಂದಿದೆ. ನಿನ್ನ ಹೆಸರು ನಿಮ್ಮವರ ಸೇನಾ ದಾಖಲೆಯಲ್ಲಿ ಹೇಗಿದೆ ನೋಡು.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಾಯಿಸುವ ಪದ್ಧತಿ ಇದೆ ಅಲ್ವಾ. ತವರಲ್ಲಿ ಶಾಂತವ್ವ, ಗಂಡನ ಮನೆಯಲ್ಲಿ ಲಕ್ಷ್ಮೀ. ಹುಡುಗ ರಜೆ ಮುಗಿಸಿ ಯೂನಿಟ್‌ಗೆ ಹೋಗಿ ಮದುವೆಯ ವಿವರ ಬರೆಸುವಾಗ ಹೊಸ ಹೆಸರು ಬರೆಸುತ್ತಾನೆ. ಅದು ಪಾರ್ಟ್ ಟೂ ಆರ್ಡರ್ (ಸೈನಿಕನ ವೈಯಕ್ತಿಕ ವಿವರ ದಾಖಲಿಸುವ ಆದೇಶ) ಆಗಿ ರೆಕಾರ್ಡ್ ಆಫೀಸಿಗೆ ಬರುತ್ತೆ. ಇತ್ತ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಳೇ ಹೆಸರಲ್ಲೇ. ಹುಟ್ಟಿದ ತಾರೀಖು ಕೇಳಿದರೆ ಅಂದಾಜಿಗೆ ಜೂನ್ 1. ಗಂಡ ಇರುವವರೆಗೆ ಯಾರಿಗೂ ಇದು ಕಾಣಿಸುವುದಿಲ್ಲ. ಅವನು ಹೋದ ದಿನ, ಕಾಗದದಲ್ಲಿರುವ ಹೆಂಡತಿ ಒಬ್ಬಳು, ಬಾಗಿಲಲ್ಲಿ ನಿಂತಿರುವವಳು ಇನ್ನೊಬ್ಬಳು! ಅಫಿಡವಿಟ್ಟು, ತಹಶೀಲ್ದಾರ್ ಕಚೇರಿ, ಪತ್ರಿಕೆಯಲ್ಲಿ ಜಾಹೀರಾತು, ಮತ್ತೆ ರೆಕಾರ್ಡ್ ಆಫೀಸು. ಅಷ್ಟೂ ದಿನ ಕುಟುಂಬ ಪಿಂಚಣಿ ನಿಂತಿರುತ್ತೆ, ಊರವರು ಮಾತ್ರ "ಅವಳಿಗೆ ಲಕ್ಷಗಟ್ಟಲೆ ಬಂತಂತೆ" ಅಂತಿರುತ್ತಾರೆ. ಹಾಗಾಗಿ ನಿಮ್ಮವರು ಮುಂದಿನ ರಜೆಗೆ ಬಂದಾಗ ಆಧಾರ್, ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪತ್ರ ಎಲ್ಲಾ ಒಂದೇ ಹೆಸರಲ್ಲಿ ಮಾಡಿಸಿ ಯೂನಿಟ್‌ಗೆ ಕೊಟ್ಟು ಕಳಿಸು. ಜಂಟಿ ಖಾತೆ ಇಲ್ಲದಿದ್ದರೆ ಮಾಡಿಸು. ಮಾವನವರ ಹೆಸರು ಅವಲಂಬಿತರ ಪಟ್ಟಿಯಲ್ಲಿ ಇದೆಯಾ ಅಂತಲೂ ಕೇಳು, ಮಿಲಿಟರಿ ಆಸ್ಪತ್ರೆಗೆ ಅದು ಬೇಕಾಗುತ್ತೆ. ಅವರ ತಿಂಗಳ ಆದಾಯ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿ ದಾಟಿದರೆ ಅವಲಂಬಿತರು ಅಂತ ಲೆಕ್ಕಕ್ಕೆ ಬರಲ್ಲ.

ಪ್ರಶ್ನೆ (ರೈತರು, ವಿಜಯಪುರ ಜಿಲ್ಲೆ): ನಮ್ಮ ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗ ಆರ್ಮಿ, ಪಿಂಚಣಿ ಗ್ಯಾರಂಟಿ ಅಂತ ನಡುವಿನವರು ಹೇಳ್ತಾರೆ. ಅಗ್ನಿವೀರ್ ಅಂತೆ. ಎರಡೂ ಒಂದೇನಾ?

ಉತ್ತರ: ಒಂದೇ ಅಲ್ಲ ಗೌಡ್ರೇ, ಬಹಳ ವ್ಯತ್ಯಾಸ ಇದೆ. 2022ರ ಜೂನ್ 14ಕ್ಕೆ ಘೋಷಣೆ ಆದ ಯೋಜನೆ ಅದು. ನಾಲ್ಕು ವರ್ಷ ಸೇವೆ, ಆಮೇಲೆ 25% ತನಕ ಹುಡುಗರನ್ನು ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಸೇವಾನಿಧಿ ಅಂತ ಸುಮಾರು 11.71 ಲಕ್ಷ, ಅದರಲ್ಲಿ ಅರ್ಧ ಅವರದೇ ಸಂಬಳದಿಂದ ಕಡಿತ ಮಾಡಿದ್ದು. ಪಿಂಚಣಿ ಇಲ್ಲ. ಮಾಜಿ ಸೈನಿಕ ಅನ್ನುವ ದರ್ಜೆ ಇಲ್ಲ. ಮನೆಗೆ ಬಂದ ಮೇಲೆ ಕ್ಯಾಂಟೀನೂ ಇಲ್ಲ, ಇಸಿಎಚ್‌ಎಸ್ ಅನ್ನುವ ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯವೂ ಇಲ್ಲ. ಸೇವೆಯಲ್ಲಿರುವ ಆ ನಾಲ್ಕು ವರ್ಷ ಮದುವೆಯನ್ನೂ ಆಗುವಂತಿಲ್ಲ.

ಹುಡುಗ ಒಳ್ಳೆಯವನಿದ್ದರೆ ಖಂಡಿತ ಕೊಡಿ, ಶಿಸ್ತು ಕಲಿತು ಬಂದಿರುತ್ತಾನೆ, ದುಡಿದು ತಿನ್ನುತ್ತಾನೆ. ಪಿಂಚಣಿ ನೋಡಿ ಕೊಡಬೇಡಿ. ಯಾವ ವರ್ಷ ಸೇರಿದ ಅಂತ ಮೊದಲು ಕೇಳಿ. ಮೊದಲ ತಂಡದವರ ಅವಧಿ 2026–27ರಲ್ಲಿ ಮುಗಿಯುತ್ತೆ.

ಪ್ರತಿಕ್ರಿಯೆ (ಗದಗದ ಶಿಕ್ಷಕರು): ಅಂದರೆ ಅಗ್ನಿವೀರನ ಪರಿಸ್ಥಿತಿ ನನಗಿಂತ ಕಡೆ ಅಂತಾಯ್ತು. ನನಗೆ ಎನ್‌ಪಿಎಸ್ ಆದರೂ ಇದೆ.

ಉತ್ತರ: ಅವನಿಗೆ ಅದೂ ಇಲ್ಲ ಮೇಷ್ಟ್ರೇ. ನಿಮ್ಮ ಶಾಲೆಯಿಂದಲೂ ಹುಡುಗರು ಭರ್ತಿಗೆ ಓಡುತ್ತಿರಬೇಕು, ಇಷ್ಟು ವಿಷಯ ಅವರ ತಂದೆ ತಾಯಿಗೆ ಗೊತ್ತಿದೆಯಾ ಅಂತ ಒಮ್ಮೆ ವಿಚಾರಿಸಿ. ಫಾರ್ಮ್ ತುಂಬುವಾಗ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ಉಳಿದ ಪ್ರಶ್ನೆಗಳಿಗೆ ಭಾನುವಾರ ಬರೆಯುತ್ತೇನೆ, ಪಿಂಚಣಿಯ ಸ್ಪರ್ಶ್ ವೆಬ್‌ಸೈಟಿನ ಪಾಸ್‌ವರ್ಡ್ ಮರೆತವರು ಇಲ್ಲಿ ಒಟಿಪಿ ಹಾಕಬೇಡಿ, ನಿನ್ನೆ ಒಬ್ಬರು ಹಾಕಿದ್ದರು.